ಶೇಕಡಾ 10ರ ಮಳೆ

ನಾಲ್ಕು ದಿನದಿಂದ ನಮ್ಮನೆಯಲ್ಲಿ ಊಟಕ್ಕೆ ಹಲಸಿನ ಹಪ್ಪಳ ಎಂಬ ಹೆಸರಿನ ಒಂದು ವಸ್ತು ಬಡಿಸುತ್ತಿದ್ದಾರೆ. ಸುಟ್ಟರೆ ಬರೀ ಹೊಗೆ, ಕರಿದರೆ ಚಕ್ಕಳ. ಎಸೆಯೋಣವೆಂದರೆ ಮೂರು ಜನರ ಎರಡು ದಿನ ಅದರೊಳಗಿದೆ. ನನ್ನ ಹೆಬ್ಬೆರಳಿಗೆ ಹತ್ತಿದ ಹಲಸಿನ ಮೇಣ ಕೊಬ್ಬರಿ ಎಣ್ಣೆಗೂ ಇನ್ನೂ ಜಗ್ಗಿಲ್ಲ.

ಮೇ ಮೂರನೇ ವಾರ, ಕೃತ್ತಿಕಾ ಮಳೆಯ ದಿನಗಳು. ಶಿರಸಿ ಕಡೆ ಹಪ್ಪಳ ಮಾಡುವವರ ಜೀವವೆಲ್ಲ ಆಗ ಅಂಗಳದಲ್ಲಿರುತ್ತದೆ. ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು, ಮೂರು ಗಂಟೆಯ ಮೇಲೆ ಗುಡುಗು. ಇದು ನಮ್ಮನೆ ನಾಯಿಗೂ ಗೊತ್ತು. ಗೊತ್ತಿಲ್ಲದಿದ್ದವರು ಕುಮಟಾದಿಂದ ಬಂದಿದ್ದ ನಮ್ಮ ಭಾವ ಒಬ್ಬರೇ.

ಅಂಗಳದಲ್ಲಿ ಚಾಪೆ ಹಾಸಿ 340 ಹಪ್ಪಳ ಒಣಗಿಸಿದ್ದೆವು. ಕಾಗೆ ಬೆದರಲೆಂದು ನಡುವೆ ಕಪ್ಪು ಕೊಡೆ ಬಿಡಿಸಿಟ್ಟಿತ್ತು. ಎರಡೂವರೆಗೆ ಆಯಿ ಜಗಲಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಮೂಡ ಬದಿಗೆ ಕಪ್ಪಾಜು. ಚಾಪೆ ಎತ್ತಿ" ಎಂದಳು. ಅಷ್ಟೇ. ಚಾ ಕಾಸಲು ಒಳಗೆ ಹೋದಳು.

ನಾನು ಚಾಪೆಯ ಒಂದು ತುದಿ ಹಿಡಿದೇಬಿಟ್ಟಿದ್ದೆ. ಭಾವ ಮೊಬೈಲ್ ಹಿಡಿದು ಎದ್ದರು. "ಬಿಡೋ, ಮಳೆ ಬತ್ತಿಲ್ಲೆ. ಇಲ್ನೋಡು, ಹತ್ತೇ ಪರ್ಸೆಂಟು. ಸಮುದ್ರದ ಬದಿಯವಂಗೆ ಮಳೆ ಕಲಿಸ್ತ್ಯಾ?" ಕುಮಟಾದ ಮಳೆ, ಹೊನ್ನಾವರದ ಮಳೆ, ಅವೆರಡರ ನಡುವಿನ ವ್ಯತ್ಯಾಸ, ಘಟ್ಟದ ಮೇಲಿನವರ ಪುಕ್ಕಲುತನ ಎಲ್ಲವೂ ಬಂತು. ನಾನು ತುದಿ ಕೆಳಗಿಟ್ಟೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅವರ ಫೋನಿನಲ್ಲಿ ಬಣ್ಣಬಣ್ಣದ ನಕ್ಷೆ ಇತ್ತು. ಆಯಿಯ ಹತ್ತಿರ ಅಂಗೈ ಮಾತ್ರ ಇತ್ತು.

ಮೂರೂ ಕಾಲಿಗೆ ಮಳೆ ಬಂತು. ಹನಿಯಲ್ಲ, ಕೊಡ ಕವುಚಿದ ಹಾಗೆ. ಚಾಪೆ ಎಳೆಯುವಷ್ಟರಲ್ಲಿ ಹಪ್ಪಳಗಳು ಒಂದಕ್ಕೊಂದು ಅಪ್ಪಿಕೊಂಡು ಮತ್ತೆ ಹಿಟ್ಟಾಗಿದ್ದವು. ಕೊಡೆ ಗಾಳಿಗೆ ಹಾರಿ ಅಂಗಳದ ಬಾಗಿಲ ದಣಪೆಗೆ ಸಿಕ್ಕಿಕೊಂಡಿತ್ತು.

ನನಗೆ ಭಾವನ ಮುಖ ನೋಡುವ ಆಸೆ. ಜಗಲಿಯಲ್ಲಿ ತಲೆ ಒರೆಸಿಕೊಳ್ಳುತ್ತ ಅವರು ಹೇಳಿದ್ದು: "ಇದು ಮಳೆ ಅಲ್ದೋ, ಮೋಡ ಹಾದುಹೋಗಿದ್ದು." ಐದು ನಿಮಿಷದ ಮೇಲೆ: "ಹತ್ತು ಪರ್ಸೆಂಟ್ ಹೇಳಿದ್ನಲ, ಆ ಹತ್ತು ನಿಮ್ಮನೆ ಅಂಗಳದಲ್ಲೇ ಬಿತ್ತು. ಬಾಕಿ ತೊಂಬತ್ತು ಊರು ಒಣಗಿದ್ದು." ಹತ್ತು ಪರ್ಸೆಂಟ್ ಅಂದರೆ ಅಂಥ ಹತ್ತು ದಿನದಲ್ಲಿ ಒಂದು ದಿನ ಮಳೆ ಬಂದೀತು ಎಂದು ಹೇಳಹೋದೆ. ಅದಕ್ಕೂ ಉತ್ತರವಿತ್ತು. ಚಾ ಕುಡಿಯುವಾಗ ತಪ್ಪು ಚಾಪೆಯದ್ದಾಯಿತು, ಮೇಲೆ ಏನಾದರೂ ಹೊದೆಸಿದ್ದರೆ ಹೀಗಾಗುತ್ತಿರಲಿಲ್ಲವಂತೆ. ರಾತ್ರಿ ಊಟದ ಹೊತ್ತಿಗೆ ಹಲಸಿನಕಾಯಿಯೇ ಬಲಿತಿರಲಿಲ್ಲ.

ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ, ಅದೇ ತಾಳಮದ್ದಲೆಯ ಕೃಷ್ಣ ಸಂಧಾನ ನೆನಪಾಯಿತು. ವಿದುರ ನಾಲ್ಕು ಒಳ್ಳೆಯ ಮಾತಾಡಿ ಮುಗಿಸುತ್ತಾನೆ. ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂಬ ಕೌರವನಿಗೆ ಮಾತ್ರ ತಾಸುಗಟ್ಟಲೆ ಮಾತು. ಚಪ್ಪಾಳೆ ಬೀಳುವುದೂ ಅವನಿಗೇ. ವಿದುರ ಬಾಯಿ ತೆರೆದಾಗ ನಾನೇ ಎಷ್ಟೋ ಸಲ ಕವಳ ಹಾಕಲು ಎದ್ದು ಹೋಗಿದ್ದೇನೆ.

ಸೈಕಾಲಜಿ ಓದುವ ನನ್ನ ಮಗಳು ರಾತ್ರಿ ಬೇಕೆಂದೇ ಒಂದು ಕತೆ ತೆಗೆದಳು. 1995ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಒಬ್ಬ ಮುಖಕ್ಕೆ ಲಿಂಬೆರಸ ಹಚ್ಚಿಕೊಂಡು ಎರಡು ಬ್ಯಾಂಕ್ ದೋಚಿದನಂತೆ. ಲಿಂಬೆರಸದಲ್ಲಿ ಬರೆದ ಅಕ್ಷರ ಕಾಣುವುದಿಲ್ಲವಲ್ಲ, ಹಾಗೇ ಕ್ಯಾಮೆರಾಕ್ಕೆ ತನ್ನ ಮುಖವೂ ಕಾಣದು ಎಂಬ ಲೆಕ್ಕ. ಪೊಲೀಸರು ಹಿಡಿದಾಗ, ರಸ ಹಚ್ಚಿಕೊಂಡಿದ್ದೆನಲ್ಲ ಎಂದು ಅವನಿಗೇ ಆಶ್ಚರ್ಯ. ಆ ಸುದ್ದಿಯಿಂದ ಹೊರಟ ಡನ್ನಿಂಗ್, ಕ್ರೂಗರ್ ಎಂಬಿಬ್ಬರು 1999ರಲ್ಲಿ ಸಂಶೋಧನೆ ಬರೆದರು: ಕೆಲಸ ಬಾರದವನಿಗೆ, ತನಗೆ ಬರುವುದಿಲ್ಲ ಎಂದು ತಿಳಿಯುವ ಶಕ್ತಿಯೂ ಇರುವುದಿಲ್ಲ.

ನಾವೆಲ್ಲ ಉಸಿರು ಬಿಗಿಹಿಡಿದು ಭಾವನನ್ನೇ ನೋಡುತ್ತಿದ್ದೆವು. ಅವರು ಮಜ್ಜಿಗೆ ಸುರಿದುಕೊಂಡು ಸ್ವಲ್ಪ ಯೋಚಿಸಿ, "ಲಿಂಬೆಹಣ್ಣು ಹಳೇದಾಗಿಕ್ಕು ಕೂಸೆ" ಎಂದರು.

ಆಯಿ ನಗಲಿಲ್ಲ. ಮೊದಲೆಲ್ಲ ಮೋಡ ಕಂಡರೆ ಕೂಗಿ ಇಡೀ ಮನೆ ಎಬ್ಬಿಸುತ್ತಿದ್ದಳು, ನಾವು ಬಾರದಿದ್ದರೆ ಸೆರಗು ಸಿಕ್ಕಿಸಿ ತಾನೇ ಚಾಪೆ ಎಳೆಯುತ್ತಿದ್ದಳು. ಈಗ ಒಂದೇ ಸಲ ಹೇಳುತ್ತಾಳೆ. ಮಂಡಿ ನೋವೋ, ನಾವು ಕೇಳುವುದಿಲ್ಲವೆಂದೋ, ನಾನು ವಿಚಾರಿಸಲಿಲ್ಲ. ಆ ಕಪ್ಪಾದ ಹಪ್ಪಳವನ್ನು ತನ್ನ ಬಾಳೆಗೆ ಎರಡು ಹೆಚ್ಚೇ ಹಾಕಿಕೊಂಡಳು.

ಮರುದಿನ ಭಾವ ಹೊರಟರು. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ದಣಪೆ ದಾಟುವಾಗ ನೋಡಿದರೆ ಬಗಲಲ್ಲಿ ನಮ್ಮನೆಯ ಕಪ್ಪು ಕೊಡೆ.

"ಭಾವ, ಮಳೆ ಇದ್ದನೋ?" ಎಂದೆ.

"ಬಿಸ್ಲಿಗೆ" ಎಂದರು.