ಮೆಟ್ಟಿಲ ಮೇಲಿನ ದುಭಾಷಿ

ವಿಶ್ವಸಂಸ್ಥೆಯ ಸಭೆಗಳಲ್ಲಿ ದುಭಾಷಿಗಳಿಗೆ ಗಾಜಿನ ಕೋಣೆ ಇರುತ್ತದೆ, ಕಿವಿಗೆ ಯಂತ್ರ ಇರುತ್ತದೆ, ಅರ್ಧ ಗಂಟೆಗೊಮ್ಮೆ ಸರದಿ ವಹಿಸಿಕೊಳ್ಳಲು ಜೊತೆಗಾರರೂ ಇರುತ್ತಾರೆ. ಜರ್ಮನಿಯ ಸ್ಟಟ್‌ಗಾರ್ಟ್‌ನ ನಮ್ಮ ಮನೆಯ ಮೆಟ್ಟಿಲ ಮೇಲೆ ಇವು ಯಾವುವೂ ಇಲ್ಲ. ಅಲ್ಲಿರುವುದು ಮೇಲಿನ ಮೆಟ್ಟಿಲಲ್ಲಿ ಸಾಗರದಿಂದ ಬಂದ ನನ್ನ ಅಮ್ಮ, ಕೆಳಗಿನ ಮೆಟ್ಟಿಲಲ್ಲಿ ಕೆಳಮನೆಯ ಹಿರಿಯ ಮಹಿಳೆ, ನಡುವೆ ತರಕಾರಿ ಚೀಲ ಹಿಡಿದು ನಿಂತ ನಾನು. ತಂದೆತಾಯಿಯರನ್ನು ಇಲ್ಲಿಗೆ ಕರೆಸಿಕೊಂಡ ಕನ್ನಡಿಗರಿಗೆಲ್ಲ ಗೊತ್ತಿರುವಂತೆ ಷೆಂಗೆನ್ ವೀಸಾದವರು 90 ದಿನ ಇರಬಹುದು. ಆ 90 ದಿನವನ್ನೂ ಇವರಿಬ್ಬರು ಮಾತಿಗೆ ಬಳಸಿಕೊಂಡರು. ಅಮ್ಮ ಕಳೆದ ವಾರ ಊರಿಗೆ ಹೋದಳು. ಆದರೂ ನಿನ್ನೆ ಕೆಳಮನೆಯವರು ನನ್ನನ್ನು ತಡೆದು ನಿಲ್ಲಿಸಿ, ನನ್ನ ಅನುವಾದಗಳು ಮೊದಲಿನಿಂದಲೂ ಗಿಡ್ಡವಾಗಿದ್ದವೆಂದು ಆಕ್ಷೇಪಿಸಿದರು. ಆ ಸಿಟ್ಟು ಆರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ನುಡಿಗಟ್ಟಿಲ್ಲದ ಒಂದು ವಾಕ್ಯವೂ ಕೆಳಮನೆಯವರ ಬಾಯಿಂದ ಹೊರಡುವುದಿಲ್ಲ. ಎದುರಿಗೆ ಬಂದ ಹುಡುಗ ನೋಡದೆ ಮುಂದೆ ಹೋದರೆ ಅವನ ಕಣ್ಣ ಮೇಲೆ ಟೊಮೆಟೊ ಇದೆ. ಯಾರಾದರೂ ಕೇಳದೆಯೇ ಬುದ್ಧಿ ಹೇಳಿದರೆ ಅವರು ತಮ್ಮ ಸಾಸಿವೆಯನ್ನು ಸೇರಿಸಿದರು. ಇದನ್ನು ಮಾತ್ರ ಅಮ್ಮ ಮರುಮಾತಿಲ್ಲದೆ ಒಪ್ಪಿಕೊಂಡಳು, ಸಾಸಿವೆಯಿಲ್ಲದ ಒಗ್ಗರಣೆ ಎಲ್ಲಿದೆ? ತಮಗೆ ಏನೂ ತಿಳಿಯಲಿಲ್ಲ ಎನ್ನುವುದಕ್ಕೆ ಅವರು ‘ನನಗೆ ಬರೀ ರೈಲ್ವೆ ಸ್ಟೇಷನ್ ಅರ್ಥವಾಯಿತು’ ಎನ್ನುತ್ತಾರೆ. ಮೊದಲ ಮಹಾಯುದ್ಧದ ಕೊನೆಗೆ ಊರಿನ ರೈಲಲ್ಲದೆ ಬೇರೇನೂ ತಲೆಗೆ ಹೋಗದಿದ್ದ ಸೈನಿಕರಿಂದ ಈ ಮಾತು ಬಂತೆಂದು ಹೇಳುವುದುಂಟು. ಅದೆಲ್ಲ ಇರಲಿ. ನನ್ನ ತಕರಾರು ನುಡಿಗಟ್ಟಿನ ಬಗ್ಗೆ ಅಲ್ಲ, ಅದನ್ನು ಆಡಿದ ಮೇಲೆ ಅವರು ಮಾಡುವ ತಪಾಸಣೆಯ ಬಗ್ಗೆ. ವಾಕ್ಯ ಮುಗಿದೊಡನೆ ಪೋಲೀಸರಂತೆ ಕೈಯೆತ್ತಿ, ತಲೆ ವಾಲಿಸಿ, ನನ್ನ ಕನ್ನಡವನ್ನು ಕೊನೆಯವರೆಗೂ ಕೇಳಿ, ತಾವು ಕೊಟ್ಟ ಸರಕೆಲ್ಲವೂ ತಲುಪಬೇಕಾದಲ್ಲಿಗೆ ತಲುಪಿತೇ ಎಂದು ಲೆಕ್ಕ ನೋಡುತ್ತಾರೆ.

ಬಂದ ದಿನವೇ ಅಮ್ಮ ಸಾಗರದ ಗುಡಿಗಾರರು ಗಂಧದ ಮರದಲ್ಲಿ ಕೆತ್ತಿದ ಪುಟ್ಟ ಆನೆಯನ್ನು ಅವರಿಗೆ ಕೊಟ್ಟು, ‘ಆನೆ’ ಎಂದು ಹೇಳಿಕೊಟ್ಟಿದ್ದಳು. ಅವರ ಕನ್ನಡ ಅಲ್ಲಿ ಆರಂಭವಾಗಿ ಅಲ್ಲೇ ಮುಗಿಯಿತು. ಒಂದು ಸಂಜೆ, ಮೂರನೆಯ ಮಹಡಿಯವರು ನೀರಿನ ಕೊಳವೆಯ ಸದ್ದಿಗೆ ಪತ್ರ ಬರೆದು ಸೊಳ್ಳೆಯನ್ನು ಆನೆ ಮಾಡುತ್ತಿದ್ದಾರೆ ಎಂದು ಅವರು ಹೇಳಿದರು. ‘ಕಡ್ಡಿಯನ್ನು ಗುಡ್ಡ ಮಾಡುತ್ತಿದ್ದಾರಂತೆ’ ಎಂದು ನಾನು ಕನ್ನಡಿಸಿ, ಇಷ್ಟು ಸರಿಯಾಗಿ ಕೂತ ಮಾತು ಬೇರೆಲ್ಲಿ ಸಿಕ್ಕೀತು ಎಂದು ಮನಸ್ಸಿನಲ್ಲೇ ಬೀಗಿದೆ. ಎತ್ತಿದ ಕೈ ಇಳಿಯಲಿಲ್ಲ.

“ಆನೆ ಎಲ್ಲಿ?” ಎಂದರು ಕೆಳಮನೆಯವರು.

ಕನ್ನಡದಲ್ಲಿ ಆ ಜಾಗದಲ್ಲಿ ಗುಡ್ಡವಿದೆ ಎಂದು ವಿವರಿಸಿದೆ. ಆನೆಯೇ ಇಲ್ಲದ ದೇಶದವರು ಆನೆಯನ್ನು ಬಳಸುತ್ತಿರುವಾಗ, ಕಾಡಿನ ತುಂಬ ಆನೆ ಇಟ್ಟುಕೊಂಡವರು ಗುಡ್ಡಕ್ಕೆ ಹೋಗುವುದೇಕೆ ಎಂದು ಅವರು ಕೇಳಿದರು. ಬೇರೆ ದಾರಿ ಕಾಣದೆ ಆನೆಯನ್ನೂ ಸೊಳ್ಳೆಯನ್ನೂ ಸೇರಿಸಿ ಮತ್ತೊಮ್ಮೆ ಹೇಳಿದೆ. ಅಮ್ಮ ಗಾಬರಿಯಿಂದ, “ಈ ಚಳಿಯಲ್ಲೂ ಇಲ್ಲಿ ಸೊಳ್ಳೆಯಾ?” ಎಂದಳು.

ಇನ್ನು ಅಮ್ಮನ ಕಡೆಯ ತಪಾಸಣೆ. ಅವಳಿಗೆ ಗೊತ್ತಿದ್ದ ಜರ್ಮನ್ ಪದವೂ ಒಂದೇ: ವುರ್ಸ್ಟ್. ಈರುಳ್ಳಿಯನ್ನೂ ಹಬ್ಬಹರಿದಿನಗಳಲ್ಲಿ ದೂರವಿಡುವ ಅವಳಿಗೆ, ಅಂಗಡಿಯಲ್ಲಿ ಯಾವ ಪೊಟ್ಟಣದ ಮೇಲೆ ಈ ಪದ ಕಂಡರೂ ಮುಟ್ಟಬೇಡ, ಅದು ಮಾಂಸದ ಸಾಸೇಜು ಎಂದು ನಾನೇ ಪಾಠ ಮಾಡಿದ್ದೆ. ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಮ್ಮದು. ಕೇರ್‌ವೋಖೆ ಎಂಬ ಈ ಸರದಿಯನ್ನು ಇಲ್ಲಿನವರು ಏಕಾದಶಿಯಷ್ಟೇ ನಿಷ್ಠೆಯಿಂದ ಪಾಲಿಸುತ್ತಾರೆ. ಅಮ್ಮ ಮೆಟ್ಟಿಲನ್ನು ಉಜ್ಜಿ ತೊಳೆದು, ಕೈ ಸುಮ್ಮನಿರದೆ ನಮ್ಮ ಬಾಗಿಲ ಮುಂದೆ ರಂಗೋಲಿಯನ್ನೂ ಇಟ್ಟಳು. ಇದಕ್ಕೆ ಆಕ್ಷೇಪವಿದೆಯೇ ಎಂದು ಕೆಳಮನೆಯವರನ್ನು ಕೇಳಿಸಿದಳು. ಅವರು ಬಹಳ ಸೌಜನ್ಯದಿಂದ, “ದಾಸ್ ಇಸ್ಟ್ ಮೀರ್ ವುರ್ಸ್ಟ್” ಎಂದರು.

“ಅವರದೇನೂ ಅಭ್ಯಂತರ ಇಲ್ಲವಂತೆ” ಎಂದೆ.

ಅಮ್ಮನ ಮುಖ ಕಪ್ಪಿಟ್ಟಿತು. “ವುರ್ಸ್ಟ್ ಅಂದಿದ್ದು ನನಗೂ ಕೇಳಿಸಿತು. ಮುಚ್ಚಿಡಬೇಡ.”

ಮುಚ್ಚಿಡುವಂಥದ್ದೇನೂ ಇಲ್ಲವೆಂದು ತೋರಿಸಲು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಾಯಿತು: “ಅದು ನನಗೆ ಸಾಸೇಜು ಅಂದರು.” ರಂಗೋಲಿ ನೋಡಿದವರಿಗೆ ಮಾಂಸದ ನೆನಪಾಗುವುದೆಂದರೇನು ಎಂದು ಅಮ್ಮ ಕೇಳಿದಳು. ಕೆಳಗೆ ಕೈ ಎತ್ತಿಯೇ ಇತ್ತು. ನಡೆದದ್ದನ್ನು ತಿಳಿಸಿದಾಗ ಕೆಳಮನೆಯವರು ನಕ್ಕು, ಅಮ್ಮನ ಸಂಶಯ ಪರಿಹರಿಸುವ ಸದುದ್ದೇಶದಿಂದ, ಸೋಲುಗೆಲುವು ನಿರ್ಧಾರವಾಗುವ ಗಳಿಗೆಯಲ್ಲಿ ‘ಈಗ ವಿಷಯ ಸಾಸೇಜಿನದು’ ಎಂದೂ ತಮ್ಮಲ್ಲಿ ಹೇಳುತ್ತಾರೆ ಎಂದು ಸೇರಿಸಿದರು. ಅಂದರೆ ಯಾವುದಕ್ಕೂ ಬಾರದ್ದು ಸಾಸೇಜು, ಎಲ್ಲಕ್ಕಿಂತ ದೊಡ್ಡದೂ ಸಾಸೇಜು. “ಹಾಗಾದರೆ ನನ್ನ ರಂಗೋಲಿ ಇದರಲ್ಲಿ ಯಾವ ಸಾಸೇಜು ಅಂತ ಕೇಳು” ಎಂದ ಅಮ್ಮ, ಉತ್ತರಕ್ಕೂ ಕಾಯದೆ ಒಳಗೆ ಹೋದಳು. ಕೆಳಮನೆಯವರು ನಿಟ್ಟುಸಿರು ಬಿಟ್ಟು, ಅವರೇಕೆ ಮುನಿಸಿಕೊಂಡ ಲಿವರ್ ಸಾಸೇಜಿನಂತೆ ಆಡುತ್ತಾರೆ ಎಂದರು. ಇದನ್ನು ನಾನು ಯಾವ ಭಾಷೆಗೂ ತರಲಿಲ್ಲ.

“ಮತ್ತೆ ಅದನ್ನೇ ಅಂದರು ಅಲ್ಲವೇನೋ?” ಎಂದು ಅಡುಗೆಮನೆಯಿಂದ ಕೂಗು ಬಂತು.

ಮಂಡಿನೋವಿಗೆ ಮೂಳೆವೈದ್ಯರಲ್ಲಿಗೆ ಹೊರಟವಳಿಗೆ ಅವರು ಹಾರೈಸಿದ್ದು ‘ಕತ್ತೂ ಕಾಲೂ ಮುರಿಯಲಿ’ ಎಂದು. ಶುಭವಾಗಲಿ ಎಂಬುದೇ ಅದರ ಭಾವ. ಡಿಸೆಂಬರ್ 31ರಂದು, ಮೆಟ್ಟಿಲ ಹೊರಗೆ ಗಾಜಿನಂತೆ ಹೆಪ್ಪುಗಟ್ಟಿದ ಹಿಮದ ಎದುರು ನಿಂತು, ‘ಚೆನ್ನಾಗಿ ಜಾರಿ’ ಎಂದರು. ಹೊಸ ವರ್ಷದೊಳಕ್ಕೆ ಎಂಬುದನ್ನು ನಾವೇ ಸೇರಿಸಿಕೊಳ್ಳಬೇಕು.

ಇಂಥ ಹೊತ್ತಿನಲ್ಲಿ ನನಗೆ ಫರ್ಡಿನೆಂಡ್ ಕಿಟ್ಟೆಲ್ ಅವರ ಮೇಲೆ ವಿನಾಕಾರಣ ಕೋಪ ಬರುತ್ತಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ, ಪದಗಳ ಬೆನ್ನಿಗೆ ಗಾದೆಗಳೂ ಇವೆ. ಆ ಜರ್ಮನ್ ಮಹಾನುಭಾವರು 1903ರಲ್ಲಿ ತೀರಿಕೊಂಡದ್ದು ಇಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ಹಾದಿಯಾದ ಟ್ಯೂಬಿಂಗೆನ್‌ನಲ್ಲಿ. ಅಷ್ಟು ಪಾಡುಪಟ್ಟವರು ಕನ್ನಡವನ್ನು ತಮ್ಮ ತಾಯ್ನುಡಿಗೆ ತರದೆ ಇಂಗ್ಲಿಷಿಗೆ ತಂದಿಟ್ಟರು. ಜರ್ಮನ್ನಿಗೆ ತಂದಿದ್ದರೆ ಒಂದು ಪ್ರತಿಯನ್ನು ಕೆಳಮನೆಯವರ ಕೈಗಿತ್ತು ನಾನು ಬಾಗಿಲು ಹಾಕಿಕೊಳ್ಳಬಹುದಿತ್ತು.

ಸಂಕ್ರಾಂತಿಯ ಸಂಜೆ ಅಮ್ಮ ಬಟ್ಟಲಲ್ಲಿ ಎಳ್ಳುಬೆಲ್ಲ ಹಿಡಿದು ತಾನೇ ಕೆಳಗಿಳಿದಳು. “ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಿ” ಎಂದು ಹೇಳಿ, ಈ ಸಲ ಕೈಯೆತ್ತಿ ನಿಂತವಳು ಅವಳು. ಅಕ್ಷರಶಃ ಅನುವಾದಿಸಿದೆ. ಕೆಳಮನೆಯವರು ಬಟ್ಟಲನ್ನೂ ನನ್ನನ್ನೂ ನೋಡಿ, “ಇಷ್ಟು ದಿನ ನಾನು ಆಡಿದ್ದೆಲ್ಲ ಕೆಟ್ಟ ಮಾತೇ?” ಎಂದರು. ಅದನ್ನು ತಿಳಿಯಾಗಿಸುವಷ್ಟರಲ್ಲಿ ಕೊಬ್ಬರಿ ಚೂರಿನಿಂದ ಹಿಡಿದು ಕಡಲೆಬೀಜದವರೆಗೆ ಬಟ್ಟಲು ಖಾಲಿಯಾಗಿತ್ತು, ಆದರೆ ಹೇಗಿತ್ತು ಎಂಬ ಮಾತೇ ಅವರಿಂದ ಬರಲಿಲ್ಲ. ಅಮ್ಮ ನನ್ನಿಂದ ಕೇಳಿಸಿದಳು. ಅವರು ಈ ಸೀಮೆಯ ಹಳೆಯ ಮಾತೊಂದನ್ನು ಹೇಳಿದರು: ಬೈಯಲಿಲ್ಲವೆಂದರೆ ಹೊಗಳಿದಷ್ಟೇ ಆಯಿತು.

ಇದನ್ನು ಹೇಳಲು ನನಗೆ ಆನೆಯೂ ಬೇಕಾಗಲಿಲ್ಲ, ಗುಡ್ಡವೂ ಬೇಕಾಗಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಅಪ್ಪನೂ ಹೀಗೇ ಇದ್ದರು. ಸಾರಿಗೆ ಉಪ್ಪು ಹೆಚ್ಚಾದ ದಿನ ಮಾತ್ರ ಬಾಯಿ ಬಿಡುತ್ತಿದ್ದರು. ಸುಮ್ಮನೆ ಎದ್ದು ಕೈ ತೊಳೆದರೆ ಚೆನ್ನಾಗಿದೆ ಅಂತ ನಾನೇ ತಿಳಿದುಕೊಳ್ಳುತ್ತಿದ್ದೆ” ಎಂದಳು. ಅದನ್ನು ಗಿಡ್ಡ ಮಾಡದೆ ಪೂರ್ತಿ ಜರ್ಮನ್ನಿಗೆ ದಾಟಿಸಿದೆ. ಕೆಳಮನೆಯವರು ತೀರಿಹೋದ ತಮ್ಮ ಯಜಮಾನರ ವಿಷಯ ತೆಗೆದರು. ಬಹಳ ಹೊತ್ತು ಮಾತನಾಡಿದರು, ಒಂದೂ ನುಡಿಗಟ್ಟಿಲ್ಲದೆ.

ಹೊರಡುವ ದಿನ ಮತ್ತೆ ಯಥಾಸ್ಥಿತಿ. ‘ಬದುಕಿನಲ್ಲಿ ಯಾವಾಗಲೂ ಎರಡು ಸಲ ಭೇಟಿಯಾಗುತ್ತೇವೆ’ ಎಂದು ಅವರು ಅಮ್ಮನ ಕೈ ಹಿಡಿದುಕೊಂಡರು. ಜರ್ಮನ್ನರು ಇದನ್ನು ಬೀಳ್ಕೊಡುವಾಗಲೂ ಹೇಳುತ್ತಾರೆ, ಮುಂದೆ ನೋಡಿಕೊಳ್ಳುತ್ತೇನೆ ಎಂದು ಹೆದರಿಸುವಾಗಲೂ ಹೇಳುತ್ತಾರೆ. ಅಮ್ಮನಿಗೆ ಎರಡೂ ಹೊಳೆಯಲಿಲ್ಲ. ಎರಡೇ ಸಲವೆಂದರೆ ಇನ್ನೊಂದೇ ಬಾಕಿ ಎಂದು ಲೆಕ್ಕ ಹಾಕಿ ಬೇಸರಗೊಂಡಳು. ಅವಳ ಮುಂದಿನ ವೀಸಾಕ್ಕೆ ಆಹ್ವಾನಪತ್ರವನ್ನು ತಾವೇ ಬರೆದುಕೊಡುವುದಾಗಿ ಕೆಳಮನೆಯವರು ನಿನ್ನೆ ಹೇಳಿದ್ದಾರೆ. ವೀಸಾ ಅಧಿಕಾರಿಗಳ ಮೇಲಿನ ಕನಿಕರದಿಂದ ನಾನು ಬೇಡವೆಂದಿದ್ದೇನೆ.