ನಾಣ್ಯ ಅದೇ, ಅಂಕ ಮಾತ್ರ ಬೇರೆ

ಕಳೆದ ತಿಂಗಳು ಇಲ್ಲಿ ನ್ಯೂಜೆರ್ಸಿಯ ನಾಣ್ಯ ಮೇಳವೊಂದರಲ್ಲಿ ಮೋರ್ಗನ್ ಡಾಲರ್ ಎಂಬ ಹಳೆಯ ಅಮೆರಿಕನ್ ಬೆಳ್ಳಿ ನಾಣ್ಯವೊಂದನ್ನು ಕಂಡು ನಿಂತಲ್ಲೇ ನಿಂತುಬಿಟ್ಟೆ. 1880ರದ್ದು, ನ್ಯೂ ಆರ್ಲಿಯನ್ಸ್ ಟಂಕಸಾಲೆಯದು. ಅದರ ಮೇಲಿನ ಲಿಬರ್ಟಿ ದೇವಿಯ ಕಣ್ಣಿನ ಕೆಳಗೆ ಅಕ್ಕಿನುಚ್ಚಿನಷ್ಟು ಸಣ್ಣ ಕಚ್ಚು. ಎಡಗಡೆಯ ನಕ್ಷತ್ರಗಳ ಮೇಲೆ ಕಾಫಿ ಡಿಕಾಕ್ಷನ್ ಬಣ್ಣದ ತೆಳು ಕಲೆ, ಕತ್ತರಿಸಿದ ಉಗುರಿನ ಆಕಾರದ್ದು. ಆ ಎರಡೂ ಗುರುತುಗಳು ನನಗೆ ಹನ್ನೆರಡು ವರ್ಷಗಳಿಂದ ಬಾಯಿಪಾಠ. ಅದು ನನಗೆ ನಾಣ್ಯ ನೋಡುವುದನ್ನು ಕಲಿಸಿದ, ನಾನು ಅಣ್ಣ ಎಂದೇ ಕರೆಯುತ್ತಿದ್ದ ಹಾಸನದ ಹಿರಿಯರ ನಾಣ್ಯ.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಅದನ್ನು ಮಾರಿದ್ದರು. ಆಗ ನಾಣ್ಯವನ್ನು ಮುಚ್ಚಿಟ್ಟಿದ್ದ ಹಳೆಯ ಪ್ಲಾಸ್ಟಿಕ್ ಡಬ್ಬಿಯ, ಅಂದರೆ ಸ್ಲ್ಯಾಬ್‌ನ ಚೀಟಿಯಲ್ಲಿ ಸ್ಥಿತಿಯ ಅಂಕ 64 ಎಂದಿತ್ತು. ಕೊಂಡವರು 64ರ ಬೆಲೆ ಕೊಟ್ಟರು. ಈಗ ಹೊಸ ಸ್ಲ್ಯಾಬ್, ಹೊಸ ಚೀಟಿ, 65. ಈ ವರ್ಷದ, ಈ ಟಂಕಸಾಲೆಯ ನಾಣ್ಯಕ್ಕೆ ಆ ಒಂದೇ ಅಂಕ ಬೆಲೆಯನ್ನು ಹಲವು ಪಟ್ಟು ಏರಿಸುತ್ತದೆ. ಬೆಳ್ಳಿ ಅದೇ, ಕಚ್ಚು ಅದೇ, ಕಲೆ ಅದೇ.

ಹೊರಗಿನವರಿಗೆ ಎರಡು ಮಾತು. ಅಮೆರಿಕದಲ್ಲಿ ನಾಣ್ಯದ ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕದಲ್ಲಿ ಹೇಳುತ್ತಾರೆ. 1949ರಲ್ಲಿ ವಿಲಿಯಂ ಶೆಲ್ಡನ್ ಹಳೆಯ ದೊಡ್ಡ ತಾಮ್ರದ ಸೆಂಟ್‌ಗಳಿಗಾಗಿ ರೂಪಿಸಿದ ಮಾನ ಇದು. ಅವರ ಲೆಕ್ಕದಲ್ಲಿ ಅಂಕವೆಂದರೆ ಬೆಲೆಯೇ: 70ರ ನಾಣ್ಯಕ್ಕೆ 1ರ ನಾಣ್ಯದ ಎಪ್ಪತ್ತು ಪಟ್ಟು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಖಾಸಗಿ ಸಂಸ್ಥೆಗಳು ಕೆಲಸ ಆರಂಭಿಸಿ, ನಾಣ್ಯಕ್ಕೆ ಅಂಕ ಕೊಟ್ಟು ಸ್ಲ್ಯಾಬ್‌ನಲ್ಲಿ ಮುಚ್ಚುವುದನ್ನು ದೊಡ್ಡ ಉದ್ಯಮವನ್ನಾಗಿ ಬೆಳೆಸಿದವು. ಮಾರುವವನೇ ಗ್ರೇಡ್, ಅಂದರೆ ಸ್ಥಿತಿಯ ದರ್ಜೆ, ಹೇಳುತ್ತಿದ್ದ ಕಾಲದಲ್ಲಿ ಅದು ನಿಜಕ್ಕೂ ದೊಡ್ಡ ಉಪಕಾರ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅಣ್ಣನ ನಾಣ್ಯದ ಅಂಕ ಏರಲು ಯಾರೂ ಲಂಚ ತಿಂದಿರಬೇಕಾಗಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ. ಗ್ರೇಡ್ ಮಾಡುವವರು ಪಳಗಿದ ಕಣ್ಣಿನವರು. ಒಂದಕ್ಕಿಂತ ಹೆಚ್ಚು ಮಂದಿ ಬೇರೆ ಬೇರೆಯಾಗಿ ನೋಡುತ್ತಾರೆ, ಆದರೆ ಒಬ್ಬೊಬ್ಬರಿಗೆ ಒಂದು ನಾಣ್ಯಕ್ಕೆ ಸಿಗುವುದು ಕೆಲವೇ ಸೆಕೆಂಡು. 64 ಮತ್ತು 65ರ ಗಡಿಯಲ್ಲಿರುವ ನಾಣ್ಯ ಒಂದು ದಿನ ಅತ್ತ, ಇನ್ನೊಂದು ದಿನ ಇತ್ತ ವಾಲುವುದು ಸಹಜ. ಹಾಗೆ ವಾಲಿದ ನಾಣ್ಯಗಳಲ್ಲಿ ಮತ್ತೆ ಗ್ರೇಡಿಂಗ್ ಮೇಜಿಗೆ ಬರುವುದು ಯಾವುದು? ಕಡಿಮೆ ಅಂಕ ಸಿಕ್ಕಿದ್ದು. 65 ಸಿಕ್ಕವನು ಸದ್ದಿಲ್ಲದೆ ತಿಜೋರಿಯಲ್ಲಿಡುತ್ತಾನೆ. 64 ಸಿಕ್ಕವನು ಸ್ಲ್ಯಾಬ್ ಒಡೆದು, ಶುಲ್ಕ ಕಟ್ಟಿ, ಮತ್ತೆ ಕಳಿಸುತ್ತಾನೆ. ಮೂರು ಸಲವೋ ಐದು ಸಲವೋ, 65 ಬರುವವರೆಗೆ. ತಪ್ಪುಗಳೆಲ್ಲ ಒಂದೇ ದಿಕ್ಕಿಗೆ ಹರಿಯುತ್ತವೆ. ಇಂಥ 65ಗಳು ಮೇಜಿನ ಮೇಲೆ ಹೆಚ್ಚಿದಂತೆ ಕಣ್ಣೂ ಅವನ್ನೇ 65 ಎಂದು ಕಲಿಯುತ್ತದೆ. ಒಡೆದ ಸ್ಲ್ಯಾಬ್‌ನ ಚೀಟಿಯನ್ನು ಹಿಂದಿರುಗಿಸದಿದ್ದರೆ, ಯಾವ ಅಂಕದ ನಾಣ್ಯ ಎಷ್ಟಿವೆ ಎಂಬ ಸಂಸ್ಥೆಯ ಎಣಿಕೆಯಲ್ಲಿ ಒಂದೇ ನಾಣ್ಯ ಮೂರು ನಾಣ್ಯಗಳಾಗಿ ಉಳಿದುಬಿಡುತ್ತದೆ.

ಇದು ಗುಟ್ಟೇನಲ್ಲ. ಗ್ರೇಡಿಂಗ್ ವಸ್ತುನಿಷ್ಠ, ಏಕರೂಪ ಎಂಬ ಪ್ರಚಾರವನ್ನು ಪ್ರಶ್ನಿಸಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1990ರಲ್ಲೇ ಪಿಸಿಜಿಎಸ್ ವಿರುದ್ಧ ಹೆಜ್ಜೆ ಇಟ್ಟಿತ್ತು. ಎನ್‌ಜಿಸಿ ಕಟ್ಟಿದ ಜಾನ್ ಅಲ್ಬನೀಸ್ ಅವರೇ 2007ರಲ್ಲಿ ಸಿಎಸಿ ಎಂಬ ಸಂಸ್ಥೆ ಆರಂಭಿಸಿ, ಸ್ಲ್ಯಾಬ್‌ನಲ್ಲಿರುವ ನಾಣ್ಯವನ್ನು ಇನ್ನೊಮ್ಮೆ ನೋಡಿ, ಆ ಅಂಕಕ್ಕೆ ಗಟ್ಟಿಯಾಗಿ ನಿಲ್ಲುವುದಕ್ಕೆ ಹಸಿರು ಚೀಟಿ, ಅದನ್ನೂ ಮೀರಿದ್ದಕ್ಕೆ ಚಿನ್ನದ ಬಣ್ಣದ ಚೀಟಿ ಅಂಟಿಸತೊಡಗಿದರು. ಹಳೆಯ ಸ್ಲ್ಯಾಬ್ ಕಂಡರೆ ಬಲ್ಲವರು ಹೆಚ್ಚು ಹಣ ಕೊಡುತ್ತಾರೆ, ಹಳೆಯ 64 ಬಿಗಿಯಾಗಿ ಅಳೆದು ಕೊಟ್ಟ 64 ಎಂದು ಅವರಿಗೆ ಗೊತ್ತು. ಅತ್ತಿಗೆಗೆ ಗೊತ್ತಿರಲಿಲ್ಲ.

ಅವರಿಗೆ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೀಟಿಯ ಮೇಲೆ ಬರೆದಿದೆ, ನಿನಗೆ ಯಾರೂ ಮೋಸ ಮಾಡಲಾರರು ಎಂದು ನಿಮ್ಮಣ್ಣನೇ ಹೇಳುತ್ತಿದ್ದರಲ್ಲಪ್ಪಾ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂಕ ಹೆಚ್ಚು ಕೊಟ್ಟುಬಿಟ್ಟರೆ ಕೊಂಡವನಿಗೆ ಪರಿಹಾರ ಕೊಡುವ ಖಾತರಿ ದೊಡ್ಡ ಸಂಸ್ಥೆಗಳಲ್ಲಿದೆ. ಹಳೆಯ ಅಂಕವನ್ನು ನಂಬಿ ಮಾರಿದವರಿಗೆ ಯಾವ ಖಾತರಿಯೂ ಇಲ್ಲ.

ನಾನು ಕೇಳುವುದು ಒಂದೇ. ಒಮ್ಮೆ ನೋಡಿದ ನಾಣ್ಯವನ್ನು ಮತ್ತೆ ಗುರುತಿಸುವ ತಂತ್ರಜ್ಞಾನ ಈ ಸಂಸ್ಥೆಗಳ ಬಳಿ ಇದೆ. ಪಿಸಿಜಿಎಸ್ 2010ರಲ್ಲೇ ಲೇಸರ್ ಸ್ಕ್ಯಾನಿಂಗ್ ತಂದಿತು. ಹಾಗಾದರೆ ಆ ನಾಣ್ಯಕ್ಕೆ ಹಿಂದೆ ಯಾವ ವರ್ಷ ಯಾವ ಅಂಕ ಕೊಟ್ಟಿದ್ದೆವು ಎಂಬುದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. 64 ಇದ್ದದ್ದು 65 ಆಗಿದ್ದರೆ ಆಗಲಿ. ಆದದ್ದು ಕೊಳ್ಳುವವನಿಗೂ ಮಾರುವವನಿಗೂ ತಿಳಿಯಲಿ.

ವಿಕ್ಟೋರಿಯಾ ರೂಪಾಯಿಗಳನ್ನು, ಮೈಸೂರಿನ ನಾಣ್ಯಗಳನ್ನು ಇದೇ ಸ್ಲ್ಯಾಬ್‌ಗಳಲ್ಲಿ ಹಾಕಿಸುತ್ತಿರುವ ನಮ್ಮೂರಿನ ಗೆಳೆಯರೇ, ಕಳಿಸುವ ಮೊದಲು ಎರಡೂ ಬದಿಯ ಒಳ್ಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ಬಂದ ಅಂಕದ ಪಕ್ಕದಲ್ಲಿ ಇಸವಿ ಬರೆದಿಡಿ. ಮನೆಯವರಿಗೂ ತೋರಿಸಿ.

ಅಣ್ಣನ ಪೆಟ್ಟಿಗೆಯಲ್ಲಿ ಇನ್ನೂ ಹನ್ನೊಂದು ಡಾಲರ್‌ಗಳಿವೆ. ಈ ಶನಿವಾರ ಅತ್ತಿಗೆಯ ಮನೆಗೆ ಹೋಗುತ್ತಿದ್ದೇನೆ. ನಾಣ್ಯವನ್ನು ದೀಪದ ಕೆಳಗೆ ಹೇಗೆ ವಾಲಿಸಬೇಕು, ಹೊಳಪು ಚಕ್ರದ ಕಡ್ಡಿಗಳಂತೆ ಸುತ್ತುವಾಗ ಕೆನ್ನೆಯ ಮೇಲೆ ಎಲ್ಲಿ ಮಸುಕಾಗಿ ತುಂಡಾಗುತ್ತದೆ ಎಂಬುದನ್ನು ಅಣ್ಣ ನನಗೆ ತೋರಿಸಿದಂತೆಯೇ ಅವರಿಗೂ ತೋರಿಸಬೇಕು. ಅಲ್ಲಿಯವರೆಗೆ ಒಂದನ್ನೂ ಮಾರಬೇಡಿ ಎಂದು ಹೇಳಿದ್ದೇನೆ.