ಮುಳುಗಿದ್ದು ಮೆಲ್ಬರ್ನ್ ಕಂಪನಿ ಅಲ್ಲ

ವಿಲೇಜ್ ರೋಡ್‌ಶೋ ಎಂಬ ಸಿನಿಮಾ ಕಂಪನಿಯ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ '2025ರಲ್ಲಿ ವಿಲೇಜ್ ರೋಡ್‌ಶೋ ದಿವಾಳಿಯಾಯಿತು' ಅನ್ನುವ ಸಾಲು ಸ್ವಲ್ಪ ದಾರಿ ತಪ್ಪಿಸುತ್ತದೆ. ಆ ವರ್ಷ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿದ್ದು ಅಮೆರಿಕದಲ್ಲಿರುವ ಸಂಸ್ಥೆ. ಹೆಸರು ಒಂದೇ, ಮನೆ ಬೇರೆ. ಆಸ್ಟ್ರೇಲಿಯಾದ ಮೂಲ ಕಂಪನಿಯನ್ನು 2020ರ ಕೊನೆಯಲ್ಲಿ ಬಿಜಿಎಚ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆ ಕೊಂಡುಕೊಂಡಿತ್ತು.

ಶುರುವಾದ ಕಥೆಯನ್ನು ನೀವು ಬಿಟ್ಟೇಬಿಟ್ಟಿದ್ದೀರಿ, ನನಗೆ ಅದೇ ಜಾಸ್ತಿ ಇಷ್ಟ. 1954ರಲ್ಲಿ ರಾಕ್ ಕರ್ಬಿ ಮೆಲ್ಬರ್ನ್ ಹತ್ತಿರದ ಕ್ರಾಯ್ಡನ್‌ನಲ್ಲಿ ಒಂದು ಡ್ರೈವ್-ಇನ್ ತೆರೆದರು. ಕಾರಿನಲ್ಲೇ ಕೂತು ಸಿನಿಮಾ ನೋಡುವುದು! ಸಿನಿಮಾ ಹಂಚಿಕೆಗೆ ಇಳಿದದ್ದು 1968ರಲ್ಲಿ. 1979ರಲ್ಲಿ 'ಮ್ಯಾಡ್ ಮ್ಯಾಕ್ಸ್' ಚಿತ್ರವನ್ನು ಆಸ್ಟ್ರೇಲಿಯಾದಲ್ಲಿ ಹಂಚಿದ್ದೂ ಇವರೇ.

ಸಿನಿಮಾ ಶುರುವಿನಲ್ಲಿ ಬರುವ ಇವರ ಲೋಗೋ ವಿಷಯಕ್ಕೆ ಬಂದರೆ, ನಮ್ಮಲ್ಲಿ ಬಹಳ ಜನ ಈ ಹೆಸರನ್ನು ಮೊದಲು ನೋಡಿದ್ದು 1999ರ 'ದಿ ಮ್ಯಾಟ್ರಿಕ್ಸ್' ಶುರುವಿನಲ್ಲಿ ಇರಬೇಕು, ಅಲ್ವಾ? ವಾರ್ನರ್ ಬ್ರದರ್ಸ್ ಸ್ಟುಡಿಯೋದ ಲೋಗೋ, ಇವರ ಲೋಗೋ ಎರಡಕ್ಕೂ ಹಸಿರು ಬಣ್ಣ ಬಳಿದಿದ್ದರು. ಕಥೆ ಶುರುವಾಗುವ ಮುಂಚೆಯೇ ಆ ಲೋಕದೊಳಗೆ ಎಳೆದುಕೊಂಡುಬಿಡುತ್ತಿತ್ತು. ಈಗ ಓಟಿಟಿಯಲ್ಲಿ ಲೋಗೋ ಬಂದ ಕೂಡಲೇ ಸುಮ್ನೆ ಮುಂದಕ್ಕೆ ಓಡಿಸುತ್ತೇವೆ. ನಾನೂ ಅದನ್ನೇ ಮಾಡುತ್ತೇನೆ ಬಿಡಿ, ಆದರೆ ಇದೊಂದನ್ನು ಮಾತ್ರ ಓಡಿಸುವುದಿಲ್ಲ.